ಬಾಗಿಲು ಹಾಕಿಕೊಂಡಿತು, ಕೀ ಒಳಗೆ: ಈಗ ಏನು ಮಾಡೋದು?

ಮನೆಯಿಂದ ಹೊರಗೆ ಸಿಕ್ಕಿಬಿದ್ದವರು ಮೊದಲು ಹ್ಯಾಂಡಲ್ ಹಿಡಿದು ಜಗ್ಗುತ್ತಾರೆ. ಆಮೇಲೆ ಭುಜ ಕೊಟ್ಟು ನೂಕುತ್ತಾರೆ. ಅದೂ ಆಗದಿದ್ದರೆ ಮೊಬೈಲಿನಲ್ಲಿ ಹುಡುಕಿ, ಕಣ್ಣಿಗೆ ಬಿದ್ದ ಮೊದಲ ನಂಬರಿಗೆ ಫೋನ್ ಮಾಡುತ್ತಾರೆ. ಮೂರರಲ್ಲೂ ಬಾಗಿಲು ತೆರೆಯುವುದಕ್ಕಿಂತ ದುಡ್ಡು ಹೋಗುವುದೇ ಜಾಸ್ತಿ.

ಬಾಗಿಲು ತೆರೆಯದಿರುವುದಕ್ಕೆ ಕಾರಣ ಒಂದೇ ಇರುವುದಿಲ್ಲ. ಕೀ ಕಳೆದಿರಬಹುದು. ಒಳಗೇ ಉಳಿದಿರಬಹುದು. ಕೈಯಲ್ಲೇ ಇದ್ದೂ ತಿರುಗದೆ ಇರಬಹುದು. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಈ ಮೂರನೆಯದಕ್ಕೇನೂ ಬರ ಇಲ್ಲ. ಒಂದೊಂದಕ್ಕೂ ಕರೆಯಬೇಕಾದ ಜನ ಬೇರೆ. ಯಾರನ್ನು ಕರೆಯಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಒಲೆ ನೆನಪು ಮಾಡಿಕೊಳ್ಳಿ

ಒಳಗೆ ಒಲೆ ಉರಿಯುತ್ತಿದೆಯಾ? ಮಗು ಇದೆಯಾ? ವಯಸ್ಸಾದವರು ಕರೆದರೂ ಓಗೊಡುತ್ತಿಲ್ಲವಾ? ಮೂರಕ್ಕೂ ಇಲ್ಲ ಅನ್ನುವ ಉತ್ತರ ಬಂದರೆ ನಿಮಗೆ ಬೇಕಾದಷ್ಟು ಸಮಯ ಉಂಟು. ನಿಧಾನಕ್ಕೆ ಮುಂದಿನದು ಓದಿ. ಒಂದಕ್ಕೆ ಹೌದು ಅಂತಾದರೂ ಬೀಗ, ಬಾಗಿಲು ಹಾಳಾಗುತ್ತದೆ ಅನ್ನುವ ಚಿಂತೆ ಬಿಟ್ಟುಬಿಡಿ.

ಒಲೆ ಉರಿಯುತ್ತಿದ್ದರೆ ಸಿಲಿಂಡರ್ ಎಲ್ಲಿದೆ ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಅಡುಗೆಮನೆಯ ಹೊರಗೋಡೆಗೆ ತಾಗಿಕೊಂಡು ಇರುತ್ತದೆ, ಪೈಪ್ ಮಾತ್ರ ಒಳಗೆ ಹೋಗಿರುತ್ತದೆ. ಹಾಗಿದ್ದರೆ ಹಿಂದೆ ಹೋಗಿ ರೆಗ್ಯುಲೇಟರ್ ಆಫ್ ಮಾಡಿ, ಅಲ್ಲಿಗೆ ಮುಗಿಯಿತು. ಸಿಲಿಂಡರ್ ಒಳಗಿದ್ದು ಹೊಗೆ ಬರುತ್ತಿದ್ದರೆ 112 ಅಥವಾ 101ಕ್ಕೆ ಕರೆ ಮಾಡಿ. ಮಂಗಳೂರು ನಗರದೊಳಗೆ ಪಾಂಡೇಶ್ವರ ಮತ್ತು ಕದ್ರಿಯಲ್ಲಿ ಅಗ್ನಿಶಾಮಕ ಠಾಣೆಗಳಿವೆ. ಫೋನಿನಲ್ಲಿ ಮನೆ ಹೆಸರು ಹೇಳಿದರೆ ಸಾಲದು. ಹತ್ತಿರದ ದೈವಸ್ಥಾನ, ಶಾಲೆ, ಚರ್ಚು, ಬಸ್ ಸ್ಟಾಪು, ಯಾವುದಾದರೂ ಒಂದು ಗುರುತು ಹೇಳಿ. ಗಾಡಿ ತಿರುಗಬೇಕಾದ ಕಡೆ ಒಬ್ಬರನ್ನು ನಿಲ್ಲಿಸಿ.

ಗ್ಯಾಸ್ ವಾಸನೆ ಬಂದರೆ ಕಾಲಿಂಗ್ ಬೆಲ್ ಒತ್ತಲೇಬೇಡಿ. ಅದರೊಳಗೆ ಹುಟ್ಟುವ ಸಣ್ಣ ಕಿಡಿಯೇ ಸಾಕು. ಮೇನ್ ಸ್ವಿಚ್ಚನ್ನೂ ಮುಟ್ಟಬೇಡಿ. ದೂರ ನಿಂತು 1906ಕ್ಕೆ ಕರೆ ಮಾಡಿ. ಇದು ಅಡುಗೆ ಗ್ಯಾಸ್ ಸೋರಿಕೆಗೆಂದೇ ಇರುವ ಸಹಾಯವಾಣಿ.

ಪುಟ್ಟ ಮಗು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರೆ ಬಾಗಿಲ ಹತ್ತಿರ ಒಬ್ಬರೇ ಮಾತಾಡಿ. ಐದು ಜನ ಒಟ್ಟಿಗೆ ಕೂಗಿದರೆ ಮಗು ಹೆದರಿ ಅಳುತ್ತದೆ, ಹೇಳಿದ್ದು ಕೇಳುವುದಿಲ್ಲ. ಇನ್ನೊಬ್ಬರು ಕಿಟಕಿಯಲ್ಲಿ ಕಾಣುವ ಹಾಗೆ ನಿಂತು ಮಗುವನ್ನು ಆ ಕಡೆಗೆ ಕರೆಯಲಿ. ಬಾಗಿಲು ಒಡೆಯುವ ಹೊತ್ತಿಗೆ ಮಗು ಬಾಗಿಲ ಹಿಂದೆ ಇರಬಾರದು ಅಲ್ವಾ. ಅಪ್ಪನೋ ಅಮ್ಮನೋ ಬಚ್ಚಲಲ್ಲಿ ಬಿದ್ದಿರುವ ಅನುಮಾನ ಇದ್ದರೆ 108ಕ್ಕೂ ಆಗಲೇ ಫೋನ್ ಮಾಡಿ, ಬಾಗಿಲು ತೆರೆದ ಮೇಲೆ ಅಲ್ಲ. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ಗಲ್ಫ್ ಅಂತ ಹೋಗಿ ಇಬ್ಬರೇ ಹಿರಿಯರು ಉಳಿದ ಮನೆಗಳು ಇಲ್ಲಿ ಎಷ್ಟು ಬೇಕಾದರೂ ಇವೆ. ಅಂಥ ಮನೆಯಲ್ಲಿ ಬಚ್ಚಲಿಗೆ ಒಳಚಿಲಕ ಬೇಡ. ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಿ ತೆರೆಯುವಂಥ ಲಾಕ್ ಸಿಗುತ್ತದೆ, ಅದನ್ನು ಹಾಕಿಸಿ.

ಕೀ ಇದೆ, ತಿರುಗುತ್ತಿಲ್ಲ

ಜೂನ್ ಶುರುವಾಯಿತು ಅಂದರೆ ಮರದ ಬಾಗಿಲು ನೀರು ಕುಡಿದು ಉಬ್ಬುತ್ತದೆ. ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಬರುವಾಗ ದಾರಂದಕ್ಕೂ, ಅಂದರೆ ಬಾಗಿಲ ಚೌಕಟ್ಟಿಗೂ, ಬಾಗಿಲಿಗೂ ನಡುವೆ ಕಾಗದ ತೂರಿಸುವಷ್ಟೂ ಜಾಗ ಇರುವುದಿಲ್ಲ. ಇನ್ನೊಂದು ಕಡೆ ಉಪ್ಪುಗಾಳಿಗೆ ಬಿಜಾಗರಿಯ ಸ್ಕ್ರೂ ತುಕ್ಕು ಹಿಡಿದು ಸಡಿಲವಾಗಿ, ಬಾಗಿಲು ಒಂದು ನೂಲಿನಷ್ಟು ಕೆಳಗೆ ಇಳಿದಿರುತ್ತದೆ. ಎರಡರಲ್ಲೂ ಲಾಕ್ ಚೆನ್ನಾಗೇ ಇರುತ್ತದೆ. ಲಾಕಿನ ನಾಲಗೆ ಮಾತ್ರ ದಾರಂದದ ತೂತಿನ ಅಂಚಿಗೆ ಒತ್ತಿಕೊಂಡು ಜಾರುವುದಿಲ್ಲ. ಇಲ್ಲಿ ಕೀ ಮಾಡುವವನನ್ನು ಕರೆದರೆ ಸುಮ್ನೆ ಖರ್ಚು. ಬೇಕಾದದ್ದು ಮರಗೆಲಸದ ಆಚಾರಿ. ಅವನಿಗೂ ಮೊದಲು ನಿಮ್ಮದೇ ಕೈ.

ಕೀ ಹಾಕಿ ಮೆಲ್ಲ ತಿರುಗಿಸಿ ನೋಡಿ. ಪೂರ್ತಿ ಒಳಗೆ ಹೋಯಿತು, ಸ್ವಲ್ಪ ತಿರುಗಿತು, ಆಮೇಲೆ ಸ್ಪ್ರಿಂಗಿನ ಹಾಗೆ ವಾಪಸು ತಳ್ಳಿತು ಅಂದರೆ ನಾಲಗೆ ಒತ್ತಿಕೊಂಡಿದೆ ಅಂತ ಅರ್ಥ. ಒಂದು ಕೈಯಲ್ಲಿ ಕೀಯನ್ನು ಹಗುರಾಗಿ ತಿರುಗಿಸುವ ಕಡೆಗೆ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಬಾಗಿಲನ್ನು ನಿಮ್ಮ ಕಡೆಗೆ ಎಳೆಯಿರಿ. ಆಗಲಿಲ್ಲವಾ, ಒಳಗೆ ನೂಕಿ. ಆಗಲಿಲ್ಲವಾ, ಹ್ಯಾಂಡಲನ್ನು ಮೇಲಕ್ಕೆ ಎತ್ತಿ. ಬಾಗಿಲು ಇಳಿದಿದ್ದರೆ ಎತ್ತುವಾಗಲೇ ಕೀ ಟಕ್ ಅಂತ ತಿರುಗುತ್ತದೆ. ಬಲ ಹಾಕಬೇಕಾದದ್ದು ಬಾಗಿಲಿಗೆ, ಕೀಗೆ ಅಲ್ಲ. ಬೆರಳು ನೋಯುವಷ್ಟು ಒತ್ತಿ ತಿರುಗಿಸಿದರೆ ಕೀ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಲಾಕ್ ತೆರೆದರೂ ಬಾಗಿಲು ಬರುತ್ತಿಲ್ಲ ಅಂದರೆ ಎಲ್ಲಿ ಕಚ್ಚಿದೆ ಅಂತ ಹುಡುಕಬೇಕು. ಅಂಗೈಯಲ್ಲಿ ಮೇಲಿನ ಮೂಲೆ, ನಡುವೆ, ಕೆಳಗಿನ ಮೂಲೆ ಒತ್ತುತ್ತಾ ಬನ್ನಿ. ಅಲುಗದ ಜಾಗವೇ ಕಚ್ಚಿದ ಜಾಗ. ಉಬ್ಬಿದ ಬಾಗಿಲು ಮೇಲಿನ ಮೂಲೆಯಲ್ಲೋ ನೆಲದ ಹತ್ತಿರವೋ ಹಿಡಿದಿರುವುದೇ ಹೆಚ್ಚು. ಕೆಳಗಾದರೆ ಚಪ್ಪಲಿ ಹಾಕಿದ ಕಾಲಲ್ಲಿ ಆ ಮೂಲೆಗೇ ಒತ್ತಿ, ನಡುಬಾಗಿಲಿಗೆ ಒದೆಯಬೇಡಿ. ಪ್ಯಾನೆಲ್ ಬಾಗಿಲಿನ ನಡುವಿನ ಹಲಗೆ ತೆಳ್ಳಗಿರುತ್ತದೆ. ಒಂದು ಒದೆತಕ್ಕೆ ಸೀಳುತ್ತದೆ, ಲಾಕ್ ಮಾತ್ರ ಹಾಗೇ ಇರುತ್ತದೆ.

ಕೀ ಪೂರ್ತಿ ಒಳಗೆ ಹೋಗುತ್ತಲೇ ಇಲ್ಲ ಅಂದರೆ ಕಥೆ ಬೇರೆ. ತುಕ್ಕು, ಮಣ್ಣು, ಕೆಲವೊಮ್ಮೆ ಕಣಜ ಕಟ್ಟಿದ ಮಣ್ಣಿನ ಗೂಡು ಕೂಡ ತೂತಿನಲ್ಲಿ ಇರುತ್ತದೆ. ಬಹಳ ದಿನ ಮುಚ್ಚಿದ್ದ ಮನೆಯ ಬೀಗಕ್ಕೆ ಇದು ಮಾಮೂಲಿ. ಸೇಫ್ಟಿ ಪಿನ್ನಿನಲ್ಲಿ ಮಣ್ಣು ಕೆರೆದು ತೆಗೆಯಿರಿ, ಡಬ್ಲ್ಯುಡಿ-40 ಥರದ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಡಿ. ಸ್ಪ್ರೇ ಇಲ್ಲದಿದ್ದರೆ ಪೆನ್ಸಿಲಿನ ಸೀಸವನ್ನು ಕೀಯ ಹಲ್ಲಿಗೆ ಚೆನ್ನಾಗಿ ಉಜ್ಜಿ ಒಳಗೆ ಹೊರಗೆ ಆಡಿಸಿ. ಸೀಸದಲ್ಲಿರುವ ಗ್ರಾಫೈಟ್ ಜಾರಿಸುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ ಮಾರಾಯ್ರೆ. ತಲೆಯಿಂದ ಹಿಡಿದು ಸೈಕಲ್ ಚೈನಿನವರೆಗೆ ಎಲ್ಲದಕ್ಕೂ ಅದನ್ನೇ ಹಚ್ಚಿ ನಮಗೆ ರೂಢಿ. ಲಾಕಿನೊಳಗೆ ಅದು ಧೂಳು ಹಿಡಿದು ಅಂಟಾಗುತ್ತದೆ. 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿ ಬೇರೆ ಆಗುತ್ತದೆ. ಇವತ್ತು ತೆರೆದ ಬೀಗ ಡಿಸೆಂಬರಿನ ಬೆಳಿಗ್ಗೆ ಮತ್ತೆ ಕೈಕೊಡುತ್ತದೆ.

ಕೀ ಮುರಿದೇಹೋಗಿದ್ದರೆ, ಮುರಿದ ಚೂರು ಯಾವ ಕೋನದಲ್ಲಿ ನಿಂತಿದೆ ನೋಡಿ. ಕೀ ಒಳಗೆ ಹೋದ ಕೋನಕ್ಕೆ ಬಂದರೆ ಮಾತ್ರ ಚೂರು ಹೊರಗೆ ಬರುತ್ತದೆ. ಸಣ್ಣ ಸ್ಕ್ರೂಡ್ರೈವರ್ ತುದಿಯಲ್ಲಿ ಅಲ್ಲಿಗೆ ತಿರುಗಿಸಿ, ಚಿಮಟದಲ್ಲಿ ಎಳೆಯಿರಿ. ಇಂಟರ್‌ನೆಟ್ಟಿನಲ್ಲಿ ನೋಡಿ ಮುರಿದ ತುಂಡಿಗೆ ಫೆವಿಕ್ವಿಕ್ ಹಚ್ಚುವವರಿದ್ದಾರೆ. ಅಲ್ಲಿಂದ ಮುಂದೆ ಇಡೀ ಲಾಕೇ ಬದಲಾಯಿಸಬೇಕು.

ಕೀ ಇಲ್ಲ: ಮೊದಲು ಜನ, ಆಮೇಲೆ ಹತ್ಯಾರು

ಇನ್ನೊಂದು ಕೀ ಯಾರ ಹತ್ತಿರ ಇರಬಹುದು ಅಂತ ಯೋಚಿಸಿ. ಕೆಲಸಕ್ಕೆ ಬರುವ ಅಕ್ಕ, ಪಕ್ಕದ ಮನೆ ಆಂಟಿ, ಅಪಾರ್ಟ್‌ಮೆಂಟಿನ ವಾಚ್‌ಮನ್, ಹಿಂದಿನ ವಾರ ಬಂದುಹೋದ ತಮ್ಮ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಒಂದು ಇದ್ದೇ ಇರುತ್ತದೆ. ಓನರ್ ಮುಂಬೈಯಲ್ಲೋ ದುಬೈಯಲ್ಲೋ ಇದ್ದರೂ ಅವರ ನೆಂಟರು ಯಾರಾದರೂ ಊರಲ್ಲಿ ಇಟ್ಟುಕೊಂಡಿರುತ್ತಾರೆ. ಕೀ ಸಿಗದಿದ್ದರೂ ಅವರಿಗೊಂದು ಫೋನ್ ಬೇಕು. ಅವರನ್ನು ಕೇಳದೆ ಲಾಕ್ ಒಡೆದರೆ ಆಮೇಲೆ ಅಡ್ವಾನ್ಸ್ ವಾಪಸು ಕೊಡುವಾಗ ಮಾತು ಬರುತ್ತದೆ. ವಾಟ್ಸಾಪಿನಲ್ಲಿ ಒಂದು ಮೆಸೇಜಾದರೂ ಹಾಕಿಡಿ.

ಬಸ್ಸಿನಲ್ಲಿ ಬೀಳಿಸಿಕೊಂಡಿದ್ದರೆ ನಮ್ಮ ಊರಲ್ಲಿ ಸಿಗುವ ಸಾಧ್ಯತೆ ಚೆನ್ನಾಗೇ ಇದೆ. ಇಲ್ಲಿನ ಖಾಸಗಿ ಬಸ್ಸುಗಳಿಗೆ ನಂಬರಿನ ಜೊತೆ ಹೆಸರೂ ಇರುತ್ತದೆ, ಅದೇ ಬಸ್ಸು ಅದೇ ರೂಟಿನಲ್ಲಿ ದಿನವಿಡೀ ಓಡುತ್ತದೆ. ಟಿಕೆಟ್ ಇದ್ದರೆ ಹೆಸರು ನೋಡಿ, ಎಷ್ಟು ಗಂಟೆಗೆ ಹತ್ತಿದ್ದು ನೆನಪು ಮಾಡಿಕೊಳ್ಳಿ, ನಿಮ್ಮ ಸ್ಟಾಪಿನಲ್ಲೇ ಕಾಯಿರಿ. ತಿರುಗಿ ಬರುವಾಗ ಕಂಡಕ್ಟರನ್ನು ಕೇಳಬಹುದು. ಇಲ್ಲವೇ ಅದೇ ರೂಟಿನ ಇನ್ನೊಂದು ಬಸ್ಸಿನ ಕಂಡಕ್ಟರಿಗೆ ಹೇಳಿ. ಅವರವರೊಳಗೆ ಫೋನ್ ಇರುತ್ತದೆ. ಮಂಗಳೂರಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣ, ಇಲ್ಲಿ ವಿಚಾರಿಸಿದರೆ ಬೇಗ ಗೊತ್ತಾಗುತ್ತದೆ. ರೈಲಿನಲ್ಲಿ ಬಿಟ್ಟಿದ್ದರೆ 139ಕ್ಕೆ ಕರೆ ಮಾಡಿ ರೈಲು, ಬೋಗಿ, ಸೀಟ್ ನಂಬರ್ ಹೇಳಿ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಮರಳಿನಲ್ಲಿ ಬಿದ್ದಿದ್ದರೆ ಹುಡುಕುತ್ತಾ ಕತ್ತಲು ಮಾಡಿಕೊಳ್ಳಬೇಡಿ. ಅಲೆ ಬರುವ ಜಾಗದಲ್ಲಿ ಬಿದ್ದದ್ದು ಹೋಯಿತು ಅಂತಲೇ ಲೆಕ್ಕ.

ಮನೆ ಸುತ್ತ ಒಂದು ಸುತ್ತು

ಒಂಟಿ ಮನೆಯಾದರೆ ಹಿಂದಿನ ಬಾಗಿಲು ನೋಡಿ, ಬಾವಿಕಟ್ಟೆ ಕಡೆಯದ್ದು. ಮುಂದಿನ ಬಾಗಿಲಿಗೆ ಎರಡು ಲಾಕ್ ಹಾಕಿ ಹಿಂದಿನದಕ್ಕೆ ಬರೀ ಚಿಲಕ ಏರಿಸಿ ಬಿಡುವವರೇ ಬಹಳ. ಅದೂ ಒಮ್ಮೊಮ್ಮೆ ಮರೆತುಹೋಗಿರುತ್ತದೆ.

ಕೀ ಕಿಟಕಿಯಿಂದ ಕಾಣುತ್ತಿದ್ದರೆ, ಅಂದರೆ ಮೇಜಿನ ಮೇಲೋ ಗೋಡೆಯ ಮೊಳೆಯಲ್ಲೋ ಇದ್ದರೆ, ಮಾವಿನಕಾಯಿ ಕೊಯ್ಯುವ ದೋಟಿ ತನ್ನಿ. ತುದಿಗೆ ತಂತಿಯ ಕೊಕ್ಕೆ ಕಟ್ಟಿ. ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದ ಕೀಗೊಂಚಲಿಗೆ ಕೊಕ್ಕೆ ಸಿಗುವುದಿಲ್ಲ, ಕೀಗೆ ಅಯಸ್ಕಾಂತವೂ ಅಂಟುವುದು ಕಡಿಮೆ. ಬಹಳಷ್ಟು ಕೀ ಹಿತ್ತಾಳೆಯದ್ದು ನೋಡಿ. ಆದರೆ ಗೊಂಚಲಿನ ರಿಂಗು ಉಕ್ಕಿನದ್ದು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ರಿಂಗಿನ ಮೇಲೆಯೇ ಇಟ್ಟರೆ ಬರುತ್ತದೆ. ಸರಳಿನ ಹತ್ತಿರ ಬಂದಾಗ ಅವಸರ ಬೇಡ, ಅಲ್ಲೇ ಬೀಳುವುದು. ಇದು ನಿಮಗೆ ಸಾಧ್ಯವಾಯಿತು ಅಂದರೆ ಕಳ್ಳನಿಗೂ ಸಾಧ್ಯ. ಕೀ ತೂಗುಹಾಕುವ ಮೊಳೆಯನ್ನು ನಾಳೆಯೇ ಬೇರೆ ಕಡೆ ಹೊಡೆಯಿರಿ.

ಹಂಚು ಸರಿಸಿ ಇಳಿಯೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹಿಂದಿನವರು ಮಾಡುತ್ತಿದ್ದದ್ದು ಹೌದು. ಆದರೆ ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಹಂಚಿನ ಅಡಿಯಲ್ಲಿ ಗೆದ್ದಲು ತಿಂದ ಮರದ ರೀಪು ಮೇಲಿನಿಂದ ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಈ ಮಾತನ್ನು ಅಲ್ಲಿಗೇ ಬಿಡಿ. ಫ್ಲ್ಯಾಟಿನಲ್ಲಿ ಪಕ್ಕದ ಮನೆಯ ಬಾಲ್ಕನಿಯಿಂದ ದಾಟುವುದೂ ಅಷ್ಟೇ, ಮೂರಡಿ ದೂರ ಅಂತ ಕಂಡರೂ ಬೇಡ.

ರಾತ್ರಿ ಹಿತ್ತಲಿಗೆ ಹೋಗುವಾಗ ಟಾರ್ಚ್ ಇರಲಿ. ತೆಂಗಿನ ಸಿಪ್ಪೆಯ ರಾಶಿ, ಒಟ್ಟಿಟ್ಟ ಹಂಚು, ಕಟ್ಟಿಗೆ ಕೊಟ್ಟಿಗೆ, ಇಲ್ಲೆಲ್ಲ ಕೈ ಹಾಕಿ ಬಚ್ಚಿಟ್ಟ ಕೀ ಹುಡುಕಬೇಡಿ. ಬೆಚ್ಚಗಿರುವ ಜಾಗವನ್ನು ಹಾವೂ ಹುಡುಕುತ್ತದೆ.

ನೈಟ್ ಲ್ಯಾಚ್, ಬೀಗ, ಡಿಜಿಟಲ್ ಲಾಕ್

ಗಾಳಿಗೆ ಬಾಗಿಲು ತಾನಾಗಿ ಲಾಕ್ ಆಯಿತು ಅಂದರೆ ಅದು ನೈಟ್ ಲ್ಯಾಚ್. ನಾಲಗೆಯ ಒಂದು ಬದಿ ಓರೆಯಾಗಿದ್ದು, ಹಿಂದೆ ಸ್ಪ್ರಿಂಗ್ ಇರುತ್ತದೆ. ಕೀ ಹಾಕಿ ಮತ್ತೊಂದು ಸುತ್ತು ತಿರುಗಿಸಿಲ್ಲ ಅಂತಾದರೆ, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯಿಂದ ಅಂಗೈ ಅಗಲದ ಪಟ್ಟಿ ಕತ್ತರಿಸಿ ಸಂದಿಯಲ್ಲಿ ತೂರಿಸಿ, ಲಾಕಿನ ಹತ್ತಿರ ಅಲ್ಲಾಡಿಸಿ ನೋಡಬಹುದು. ಎಟಿಎಂ ಕಾರ್ಡ್ ಬಳಸಬೇಡಿ, ಅದು ಸೀಳುತ್ತದೆ. ಬಾಗಿಲು ಕೂರುವುದಕ್ಕೆ ದಾರಂದದಲ್ಲಿ ಆಳವಾದ ತೋಡು ಕೊರೆದಿದ್ದರೆ ಪಟ್ಟಿ ನಾಲಗೆಯವರೆಗೆ ಹೋಗುವುದೇ ಇಲ್ಲ. ಹತ್ತು ನಿಮಿಷ ನೋಡಿ, ಆಗದಿದ್ದರೆ ಬಿಡಿ.

ಗೇಟಿಗೋ ಗ್ರಿಲ್ಲಿಗೋ ಹಾಕಿದ ಬೀಗವಾದರೆ ಹತ್ತಿರದ ವೆಲ್ಡಿಂಗ್ ಅಂಗಡಿಯವನೇ ಸಾಕು. ಒಳ್ಳೆಯ ಬೀಗದ ಕೊಂಡಿ ಗಟ್ಟಿ ಉಕ್ಕಿನದ್ದು, ಹ್ಯಾಕ್ಸಾ ಬ್ಲೇಡಿಗೆ ಬಗ್ಗುವುದಿಲ್ಲ. ಆದರೆ ಅದು ಸಿಕ್ಕಿಸಿಕೊಂಡಿರುವ ಗ್ರಿಲ್ಲಿನ ಕಿವಿ ಸಾದಾ ಕಬ್ಬಿಣ. ಅದನ್ನು ಕತ್ತರಿಸಿ ಆಮೇಲೆ ಹೊಸದು ವೆಲ್ಡ್ ಮಾಡಿಸುವುದು ಸುಲಭ.

ಡಿಜಿಟಲ್ ಲಾಕ್ ಸುಮ್ಮನಾಗಿದ್ದರೆ ಬ್ಯಾಟರಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಹೊರಗಿನ ಭಾಗದ ಕೆಳಗೆ ಎರಡು ಸಣ್ಣ ಲೋಹದ ಬೊಟ್ಟು ಇವೆಯಾ ನೋಡಿ. ಅಲ್ಲಿಗೆ 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡಿದು ಪಾಸ್‌ವರ್ಡ್ ಒತ್ತಬೇಕು. ಕೆಲವು ಮಾಡೆಲ್‌ಗಳಲ್ಲಿ ಅದರ ಬದಲು ಚಾರ್ಜರ್ ತೂತು ಇರುತ್ತದೆ, ಪವರ್ ಬ್ಯಾಂಕ್ ನಡೆಯುತ್ತದೆ. ಸುಮಾರು ಲಾಕುಗಳಿಗೆ ಮಾಮೂಲಿ ಕೀಯೂ ಕೊಟ್ಟಿರುತ್ತಾರೆ. ಅದನ್ನು ಒಳಗಿನ ಕಪಾಟಿನಲ್ಲೇ ಇಟ್ಟವರಿಗೆ ಏನು ಹೇಳೋದು!

ಕೀ ಮಾಡುವವನನ್ನು ಕರೆಯುವುದು

ಮಂಗಳೂರಲ್ಲಿ ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಆಸುಪಾಸು, ಉಡುಪಿಯಲ್ಲಿ ಬಸ್ ನಿಲ್ದಾಣಗಳ ಸುತ್ತಮುತ್ತ ವಿಚಾರಿಸಿದರೆ ಸಿಗುತ್ತಾರೆ. ಕಣ್ಣಿಗೆ ಕಾಣುವ ಅಂಗಡಿ ಇರುವವನೇ ವಾಸಿ. ನಿಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಅವರೇ ನಂಬರ್ ಕೊಡುತ್ತಾರೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ನಂಬರಿನವರು ಬರುವುದಕ್ಕೆ ಮೊದಲೇ ದುಡ್ಡು ಹಾಕಿ ಅಂದರೆ, ಲಿಂಕ್ ಕಳಿಸಿದರೆ, ಓಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ.

ಲಾಕಿನ ಫೋಟೋ ಕಳಿಸಿ. ಬಂದು ಹೋಗುವ ಖರ್ಚು, ತೆರೆಯುವ ಖರ್ಚು, ಹೊಸ ಕೀ ಅಥವಾ ಹೊಸ ಲಾಕ್ ಬೇಕಾದರೆ ಅದರ ಖರ್ಚು, ಮೂರನ್ನೂ ಸೇರಿಸಿ ಒಟ್ಟು ಎಷ್ಟು ಅಂತ ಫೋನಿನಲ್ಲೇ ಕೇಳಿ. ರಾತ್ರಿಯಾದರೆ, ಮಳೆ ಹೊಡೆಯುತ್ತಿದ್ದರೆ ರೇಟು ಏರುವುದು ಸಹಜ, ಆದರೆ ಅದನ್ನು ಬರುವ ಮೊದಲೇ ಹೇಳಲಿ. ಬಂದವನು ಲಾಕ್ ಸರಿಯಾಗಿ ನೋಡದೆ ಡ್ರಿಲ್ಲಿಂಗ್ ಮೆಷಿನ್ ತೆಗೆದರೆ ಸ್ವಲ್ಪ ತಡೆಯಿರಿ. ಮೊದಲು ಕೊಕ್ಕೆಯಲ್ಲಿ ತೆರೆಯಲು ನೋಡಬೇಕು. ಆಗದಿದ್ದರೆ ಲಾಕಿನ ಸಿಲಿಂಡರ್, ಅಂದರೆ ಕೀ ಹೋಗುವ ಭಾಗ, ಮಾತ್ರ ಕೊರೆಯಬೇಕು. ಇಡೀ ಲಾಕ್ ಕಿತ್ತುಹಾಕುವುದು ಕೊನೆಯ ದಾರಿ.

ಇದು ನಿಮ್ಮದೇ ಮನೆ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಅವನು ಕೇಳಿದರೆ ಸಿಟ್ಟು ಮಾಡಬೇಡಿ. ಹಾಗೆ ಕೇಳುವವನೇ ಒಳ್ಳೆಯವನು. ಫೋನಿನ ಡಿಜಿಲಾಕರಿನಲ್ಲಿರುವ ಆಧಾರ್, ಮೆಸ್ಕಾಂ ಕರೆಂಟ್ ಬಿಲ್ಲಿನ ಫೋಟೋ, ಪಕ್ಕದ ಮನೆಯವರ ಒಂದು ಮಾತು ಸಾಕು. ಕೆಲಸ ನಡೆಯುವಾಗ ಪಕ್ಕದ ಮನೆಯವರು ಒಬ್ಬರು ಜೊತೆಗೆ ನಿಂತಿರಲಿ. ಯಾರೋ ಬಾಗಿಲು ಒಡೆಯುತ್ತಿದ್ದಾರೆ ಅಂತ ಎದುರು ಮನೆಯಿಂದ ಪೊಲೀಸರಿಗೆ ಫೋನ್ ಹೋಗುವುದೂ ತಪ್ಪುತ್ತದೆ.

ರಾತ್ರಿ ಯಾರೂ ಸಿಗಲಿಲ್ಲವಾ? ಬೆಳಿಗ್ಗೆವರೆಗೆ ಕಾಯುವುದು ನಷ್ಟವಲ್ಲ. ನೆಂಟರ ಮನೆಗೆ ಹೋಗಿ, ಇಲ್ಲದಿದ್ದರೆ ಲಾಡ್ಜ್ ಹಿಡಿಯಿರಿ, ಗುರುತಿನ ಚೀಟಿಗೆ ಮತ್ತೆ ಡಿಜಿಲಾಕರ್ ಉಂಟು. ಒಬ್ಬರೇ ಇದ್ದು ಹೆದರಿಕೆ ಆದರೆ 112ಕ್ಕೆ ಫೋನ್ ಮಾಡಲು ಸಂಕೋಚ ಬೇಡ. ಮೊಬೈಲೂ ಒಳಗೇ ಉಳಿದಿದ್ದರೆ ಯುಪಿಐಯೂ ಇಲ್ಲ, ನಂಬರುಗಳೂ ಇಲ್ಲ. ಅದಕ್ಕೇ ಎರಡು ನಂಬರ್ ಬಾಯಿಪಾಠ ಇರಬೇಕು, ಸ್ಕೂಟರಿನ ಡಿಕ್ಕಿಯಲ್ಲಿ 500ರ ಒಂದು ನೋಟು ಇರಬೇಕು. ಮನೆ ಕೀ, ಸ್ಕೂಟರ್ ಕೀ ಎರಡೂ ಒಂದೇ ಗೊಂಚಲಿನಲ್ಲಿದ್ದರೆ ಆ ನೋಟೂ ಸಿಗುವುದಿಲ್ಲ.

ಬಾಗಿಲು ತೆರೆದ ಮೇಲೆ

ಕೀ ಒಳಗೇ ಇತ್ತು ಅಂದರೆ ಲಾಕ್ ಬದಲಾಯಿಸಬೇಕಿಲ್ಲ. ಹೊರಗೆ ಕಳೆದುಹೋಗಿದ್ದು ಅಂದರೆ ಬದಲಾಯಿಸಿ, ಅದರಲ್ಲೂ ವಿಳಾಸ ಇರುವ ಪರ್ಸಿನ ಜೊತೆ ಹೋಗಿದ್ದರೆ ಅವತ್ತೇ. ಬಾಗಿಲಿನೊಳಗೆ ಕೂರಿಸಿದ ಮಾರ್ಟಿಸ್ ಲಾಕಾದರೆ ಸಿಲಿಂಡರ್ ಒಂದನ್ನೇ ಬದಲಿಸಬಹುದು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ, ಉದ್ದ ಒಂದೇ ಇರಬೇಕು.

ಬಾಗಿಲು ಉಬ್ಬಿದ್ದಾದರೆ ಮಳೆಗಾಲದಲ್ಲೇ ಆಚಾರಿಯನ್ನು ಕರೆದು ಜಾಸ್ತಿ ಹೆರೆಸಬೇಡಿ. ಬೇಸಿಗೆಗೆ ಮರ ಒಣಗಿ ಸಂದಿ ಬೀಳುತ್ತದೆ, ಇಲಿ ಬರುತ್ತದೆ. ಈಗ ಕಚ್ಚುವ ಜಾಗಕ್ಕೆ ಮೇಣದ ಬತ್ತಿ ಉಜ್ಜಿ ದಿನ ದೂಡಿ. ಏಪ್ರಿಲಿನಲ್ಲಿ ಬೇಕಾದಷ್ಟೇ ಹೆರೆಸಿ, ಕೆಳಗಿನ ಅಂಚಿಗೂ ಮೇಲಿನ ಅಂಚಿಗೂ ಪೇಂಟ್ ಹೊಡೆಸಿ. ಕಣ್ಣಿಗೆ ಕಾಣದ ಆ ಎರಡು ಅಂಚುಗಳಿಂದಲೇ ನೀರು ಹೀರುವುದು. ತುಕ್ಕು ಹಿಡಿದ ಸ್ಕ್ರೂ ತೆಗೆದು ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಸಿ, ಸಮುದ್ರದ ಹತ್ತಿರದ ಮನೆಗಳಿಗೆ ಬೇರೆಯದು ಬಾಳುವುದಿಲ್ಲ.

ಹೆಚ್ಚಿನ ಕೀ ಎಲ್ಲಿಡೋದು? ತುಳಸಿಕಟ್ಟೆಯ ದೀಪದ ಗೂಡು, ಮೆಟ್ಟಿಲ ಪಕ್ಕದ ಹೂಕುಂಡ, ಹಳೇ ಶೂ, ಮೀಟರ್ ಬೋರ್ಡಿನ ಮೇಲೆ, ಇವೆಲ್ಲ ಕಳ್ಳನೂ ಮೊದಲು ನೋಡುವ ಜಾಗಗಳು. ನಡೆದು ಹೋಗುವಷ್ಟು ಹತ್ತಿರದ ಒಂದು ಮನೆಯಲ್ಲಿ ಒಂದು, ಆಫೀಸಿನ ಡ್ರಾಯರಿನಲ್ಲಿ ಒಂದು ಇರಲಿ. ಊರಿಗೆ ಹೋಗುವಾಗ ಆ ಹತ್ತಿರದ ಮನೆಯವರೂ ಅದೇ ಜಾತ್ರೆಗೋ ಮದುವೆಗೋ ಹೊರಟಿಲ್ಲ ತಾನೆ ಅಂತ ಕೇಳಿಕೊಳ್ಳಿ. ಕೀಗೊಂಚಲಿಗೆ ಮನೆ ಹೆಸರು ಬರೆದ ಟ್ಯಾಗ್ ಬೇಡ, ಫೋನ್ ನಂಬರ್ ಮಾತ್ರ ಸಾಕು. ಹೊಸದಾಗಿ ಮಾಡಿಸಿದ ಡೂಪ್ಲಿಕೇಟನ್ನು ಅಂಗಡಿಯಿಂದ ತಂದ ದಿನವೇ, ಬಾಗಿಲು ತೆರೆದಿಟ್ಟುಕೊಂಡು, ಎರಡು ಕಡೆಯಿಂದಲೂ ಹಾಕಿ ತಿರುಗಿಸಿ ನೋಡಿ. ಸರಿಯಾಗಿ ಕೂರದಿದ್ದರೆ ಮರುದಿನವೇ ವಾಪಸು ಒಯ್ದು ಅರದಲ್ಲಿ ಉಜ್ಜಿಸಿಕೊಂಡು ಬನ್ನಿ, ಆಮೇಲೆ ಪಕ್ಕದ ಮನೆಗೆ ಕೊಡಿ.